ಅಲ್ಲಿ ಮರ ಇಲ್ಲ

ಆ ಭಾನುವಾರವೂ ಮೇಷ್ಟ್ರು ಅವಳ ಕೈಯಿಂದ ಕುಂಚ ಕಿತ್ತುಕೊಂಡರು. ಕೊಡಿ ಅನ್ನಲಿಲ್ಲ, ಕೇಳಲಿಲ್ಲ. ಮಗುವಿನ ಕೈಗೆ ಸಿಕ್ಕ ಕತ್ತರಿ ತೆಗೆಯುವ ಹಾಗೆ ತೆಗೆದುಕೊಂಡು, "ನೋಡಿ ಎಲ್ಲರೂ, ಇದರಲ್ಲಿ ಆಳ ಇಲ್ಲ. ಗುಡ್ಡ ಬಂದು ನಮ್ಮ ಮೂಗಿಗೇ ತಾಗ್ತಿದೆ" ಅಂದರು. ಚಿತ್ರಕಲೆಯ ಕ್ಲಾಸಿನ ಉಳಿದ ಏಳು ಜನ ನಕ್ಕರು.

ಅವಳು ನಗಲಿಲ್ಲ. ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕ್ರೇನ್ ನಡೆಸುವವಳು ಅವಳು. ಅಲ್ಲಿ ಎಲ್ಲರ ಬಾಯಲ್ಲೂ ಕ್ರೇನಕ್ಕ. ನಲವತ್ತು ಅಡಿ ಮೇಲೆ ಗಾಜಿನ ಗೂಡಿನಲ್ಲಿ ಕೂತು, ಮನೆಯಷ್ಟು ದೊಡ್ಡ ಬಂಡೆಯನ್ನು ಎರಡು ಬಂಡೆಗಳ ನಡುವಿನ ಜಾಗಕ್ಕೆ ಇಳಿಸುತ್ತಿದ್ದಳು. ಆಚೆ ಈಚೆ ಒಂದೊಂದು ಗೇಣು ಉಳಿದರೆ ಅವಳಿಗೆ ಅದೇ ಧಾರಾಳ. ಅಂಥವಳಿಗೆ ದೂರ ಯಾವುದು, ಹತ್ತಿರ ಯಾವುದು ತಿಳಿಯದು ಅಂದರೆ ಮೈ ಉರಿಯದೆ ಇರುತ್ತದೆಯೇ?

"ಸರ್, ಏನು ತಪ್ಪಾಗಿದೆ ಅಂತ ಹೇಳಿ. ನಾನೇ ಸರಿ ಮಾಡ್ತೀನಿ."

"ಹೇಳೋದಲ್ಲಮ್ಮ ಇದು, ಮಾಡೋದು," ಅನ್ನುತ್ತ ಅವರು ನಾಲ್ಕು ಸಲ ಕುಂಚ ಆಡಿಸಿದರು. ಗುಡ್ಡದ ಒಂದು ಅಂಚು ಹಿಂದಕ್ಕೆ ಹೋಯಿತು. ಹೇಗೆ ಹೋಯಿತು, ಯಾವ ಬಣ್ಣ, ಎಷ್ಟು ಎಣ್ಣೆ, ಕುಂಚ ಅಡ್ಡ ಹಿಡಿದರೋ ನೆಟ್ಟಗೆ ಹಿಡಿದರೋ, ಅವರ ಬೆನ್ನು ಅಡ್ಡವಿದ್ದದ್ದರಿಂದ ಅವಳಿಗೆ ಒಂದೂ ಕಾಣಲಿಲ್ಲ. ಏಳು ತಿಂಗಳಿಂದ ಇದೇ ಕತೆ. ಹಳೆಯ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಆ ಕೋಣೆಗೆ ಮೂವತ್ತೆರಡು ಮೆಟ್ಟಿಲು ಹತ್ತಿ ಹೋಗುವುದು, ಮೇಷ್ಟ್ರ ಬೆನ್ನು ನೋಡಿಕೊಂಡು ಇಳಿದು ಬರುವುದು.

ಅವಳು ಬರೆಯುತ್ತಿದ್ದದ್ದು ತನ್ನ ಗೂಡಿನಿಂದ ಕಾಣುವ ನೋಟವನ್ನು. ಕೆಳಗೆ ಅಂಗಳದ ಕೊನೆಯಲ್ಲಿ ಒಡೆದ ಕಲ್ಲಿನ ದೊಡ್ಡ ರಾಶಿ, ಅದರಾಚೆ ಗೋಡೆ, ಬಯಲು, ಬಯಲಿನಾಚೆ ಗುಡ್ಡ. ಕಲ್ಲಿನ ರಾಶಿಯ ಮೇಲೆ ಅವಳಿಗೆ ವಿಶೇಷ ಅಕ್ಕರೆ. ಬೆಳಿಗ್ಗೆ ಬೂದಿಯ ಬಣ್ಣ, ಮಧ್ಯಾಹ್ನ ಬಿಳಿ, ಸಂಜೆ ಹೊಗೆ ಹಿಡಿದ ತಾಮ್ರ. ಮೂರು ವಾರ ಅದೊಂದನ್ನೇ ತಿದ್ದಿ ತೀಡಿ ಬರೆದಿದ್ದಳು.

ಕ್ಲಾಸಿನವರ ಪ್ರದರ್ಶನ ಒಂದು ಶನಿವಾರ ಬೆಳಿಗ್ಗೆ, ಊರ ವಾಚನಾಲಯದ ಹಾಲಿನಲ್ಲಿ. ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅತ್ತೆ, ಮಂಡಿನೋವಿನ ಅತ್ತೆ, ತಾನೂ ಬರುತ್ತೇನೆಂದು ಕೋಲು ಹಿಡಿದು ಹೊರಟರು. ಒಳಗೆ ಕಾಲಿಡುತ್ತಿದ್ದ ಹಾಗೆ ಕಂಡದ್ದು ಅವಳ ಚಿತ್ರದ ಮುಂದೆ ಗುಂಪು. ಕೆಳಗೆ ಅವಳ ಹೆಸರು, ಪಕ್ಕದಲ್ಲಿ 'ಪ್ರಥಮ' ಅಂತ ಕೆಂಪು ಚೀಟಿ.

"ಏನು ಮರಗಳು ಕಣ್ರೀ, ಜೀವ ಬಂದಿದೆ," ಅಂದರು ಯಾರೋ.

ಮರ? ಅವಳು ಗುಂಪು ಸರಿಸಿ ಮುಂದೆ ಹೋದಳು. ಕಲ್ಲಿನ ರಾಶಿ ಇರಲಿಲ್ಲ. ಅದಿದ್ದ ಕಡೆ ಮೂರು ಮರ, ಮರದ ಬುಡದಲ್ಲಿ ಕಾಲುದಾರಿ, ದಾರಿಗೆ ಬಿಸಿಲಿನ ಚುಕ್ಕೆ. ಹಿಂದೆ ಗುಡ್ಡಕ್ಕೆ ತೆಳ್ಳಗೆ ಮಂಜು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದು ನಿನ್ನ ಕೈ ಅಲ್ಲ ಬಿಡು," ಅಂದರು ಕಡ್ಡಿ ಮುರಿದ ಹಾಗೆ.

ಮೇಷ್ಟ್ರು ನಗುತ್ತ ಬಂದರು. "ನಿನ್ನೆ ಒಂಚೂರು ಸರಿ ಮಾಡಿದೆ. ನೋಡಿ, ಹೇಗೆ ಎದ್ದು ನಿಂತಿದೆ."

"ಅಲ್ಲಿ ಮರ ಇಲ್ಲ ಸರ್."

"ಚಿತ್ರಕ್ಕೆ ಬೇಕಲ್ಲಮ್ಮ. ಜಲ್ಲಿ ಗುಡ್ಡೆ ಯಾರಿಗೆ ಬೇಕು?"

ಅವಳ ಕಿವಿ ಬಿಸಿಯಾಯಿತು. ಬೈಗುಳಕ್ಕಿಂತ ಮೊದಲು ಕೈ ಬಂತು. ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಅಂಗಾತ ಹಾಕಿದಳು. ಮೂಲೆಯಲ್ಲಿ ಮೇಷ್ಟ್ರ ಪೆಟ್ಟಿಗೆ ಇತ್ತು. ಟರ್ಪೆಂಟೈನ್ ಸೀಸೆ ತೆಗೆದು ಬಟ್ಟೆಗೆ ಸುರಿದು ಮೊದಲ ಮರವನ್ನು ಬುಡದಿಂದ ತುದಿಯವರೆಗೆ ಒರೆಸಿದಳು. ನಿನ್ನೆಯ ಬಣ್ಣ ಹಸಿಯಾಗಿತ್ತು, ಸಲೀಸಾಗಿ ಬಂತು. ಅಡಿಯಲ್ಲಿ ಅವಳ ಕಲ್ಲುಗಳು ಒಣಗಿ ಗಟ್ಟಿಯಾಗಿ ಕೂತಿದ್ದವು.

"ನಿಮಗೇನು ತಲೆ ಕೆಟ್ಟಿದೆಯಾ? ಬಹುಮಾನ ಬಂದಿದೆ ಅದಕ್ಕೆ," ಅಂದರು ಮೇಷ್ಟ್ರು.

"ನಿಮ್ಮ ಮರಕ್ಕೆ ಬಂದಿದೆ. ನೀವೇ ಮನೆಗೆ ತಗೊಂಡು ಹೋಗಿ."

"ಜನ ನೋಡ್ತಿದ್ದಾರೆ ಕಣೇ," ಅಂದ ಗಂಡ, ತಗ್ಗಿದ ದನಿಯಲ್ಲಿ.

"ನೋಡ್ಲಿ. ನೋಡೋಕೇ ಬಂದಿರೋದು," ಅಂದರು ಅತ್ತೆ.

ಮೂರು ಮರವೂ ಕಾಲುದಾರಿಯೂ ಹೋದವು. ಆಮೇಲೆ ಗುಡ್ಡದ ಮೇಲಿನ ಮಂಜಿಗೆ ಕೈ ಹಾಕಿದಳು. ಅದು ಪೂರ್ತಿ ಬಿಡಲಿಲ್ಲ. ಕ್ಯಾನ್ವಾಸಿನ ನೇಯ್ಗೆಯೊಳಗೆ ಇಳಿದು ನೀಲಿ ಬೂದಿಯ ತೆಳುವಾದ ಪರದೆಯ ಹಾಗೆ ಉಳಿಯಿತು. ಮುಂದೆ ಒರಟು ಕಲ್ಲು, ಹಿಂದೆ ಮಸುಕು ಗುಡ್ಡ. ಬಯಲು ತಾನಾಗಿ ಉದ್ದವಾಗಿ ಹರಡಿತ್ತು. ಅವಳ ಕೈ ನಿಂತಿತು. ಗುಡ್ಡದ ವಿಷಯದಲ್ಲಿ ಆ ಮನುಷ್ಯ ಹೇಳಿದ್ದು ಸರಿ. ಏಳು ತಿಂಗಳೂ ಸರಿಯೇ ಹೇಳಿದ್ದ. ಅದು ಗೊತ್ತಾದ ಕೂಡಲೇ ಕೋಪ ಇಳಿಯುವ ಬದಲು ನೆತ್ತಿಗೇರಿತು.

"ಗುಡ್ಡ ಮಸುಕಾಗಬೇಕು, ಅಂಚು ಕರಗಬೇಕು. ಇಷ್ಟೇ ತಾನೇ? ಎರಡು ಮಾತು. ಏಳು ತಿಂಗಳು ಕೇಳಿದೆನಲ್ಲ, ಹೇಳೋಕೆ ನಿಮ್ಮ ಗಂಟೇನು ಹೋಗ್ತಿತ್ತು? ನಾನೂ ಇಬ್ಬರಿಗೆ ಕ್ರೇನ್ ಕಲಿಸಿದ್ದೀನಿ ಸರ್. ಒಂದು ದಿನ ಅವರ ಕೈ ಸರಿಸಿ ಲಿವರ್ ಹಿಡಿದಿಲ್ಲ. ಹಿಡಿದಿದ್ರೆ, ನಾನು ರಜೆ ಹಾಕಿದ ದಿನ ಬಂಡೆ ಯಾರದೋ ತಲೆ ಮೇಲೆ ಬೀಳ್ತಿತ್ತು."

ಅವಳು ಕೆಂಪು ಚೀಟಿಯನ್ನು ಮೇಷ್ಟ್ರ ಪೆಟ್ಟಿಗೆಯೊಳಗೆ ಇಟ್ಟು, ಚಿತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಳು. ಸೀರೆಗೆಲ್ಲ ಹಸಿರು ಮೆತ್ತಿತು. ಅದಕ್ಕೂ ಮನೆ ತಲುಪುವವರೆಗೆ ಮೇಷ್ಟ್ರನ್ನೇ ಬೈದಳು.

ಕ್ಲಾಸಿಗೆ ಮತ್ತೆ ಹೋಗಲಿಲ್ಲ. ಊಟದ ಬಿಡುವಿನಲ್ಲಿ ಗೂಡಿನಲ್ಲೇ ಕೂತು, ರಟ್ಟಿನ ಚೂರಿಗೆ ಬಣ್ಣ ಹಚ್ಚಿ ಗಾಜಿಗೆ ಹಿಡಿದು ಗುಡ್ಡದ ಪಕ್ಕ ಇಟ್ಟು ನೋಡುತ್ತಿದ್ದಳು. ತಾನು ಹಸಿರು ಅಂದುಕೊಂಡದ್ದು ಹಸಿರೇ ಅಲ್ಲ. ಕಣ್ಣಿಗೆ ಕಂಡದ್ದನ್ನು ಬಿಟ್ಟು ತಲೆಗೆ ಗೊತ್ತಿದ್ದದ್ದನ್ನು ಬರೆದಿದ್ದಳು. ಗುಡ್ಡದ ಒಂದೊಂದು ಪೊದೆಯನ್ನೂ ಬಿಡದೆ ಬರೆದದ್ದೇ ಅದನ್ನು ಮೂಗಿನ ಹತ್ತಿರ ತಂದಿತ್ತು. ಅಗಲ ಕುಂಚದಲ್ಲಿ ಬಣ್ಣ ಕಡಿಮೆ ಹಿಡಿದು ಅಡ್ಡಕ್ಕೆ ಎಳೆದರೆ ದೂರ. ಬಣ್ಣದ ಚಾಕುವಿನ ಅಲಗಿನಲ್ಲಿ ದಪ್ಪಗೆ ಮೆತ್ತಿ ಹಾಗೇ ಬಿಟ್ಟರೆ ಹತ್ತಿರ. ಇಷ್ಟು ತಿಳಿಯಲು ಐದು ಗುಡ್ಡ ಹಾಳಾದವು. ಒಂದೊಂದು ಹಾಳಾದಾಗಲೂ ಮೇಷ್ಟ್ರಿಗೆ ಸಹಸ್ರನಾಮ.

"ಆ ಮನುಷ್ಯನಿಗೆ ದಿನಾ ಬಿಕ್ಕಳಿಕೆ ಬರ್ತಿರಬೇಕು," ಅನ್ನುತ್ತಿದ್ದರು ಅತ್ತೆ.

ಆರನೆಯ ಗುಡ್ಡ ದೂರ ಹೋಗಿ ನಿಂತಿತು. ಅದಾದ ವಾರಕ್ಕೆ ಮೇಷ್ಟ್ರೇ ಮನೆಗೆ ಬಂದರು. ಅತ್ತೆ ಕುರ್ಚಿ ಕೊಟ್ಟರು. ಅವಳು ನೀರನ್ನೂ ಕೊಡಲಿಲ್ಲ.

"ಮುಂದಿನ ಪ್ರದರ್ಶನಕ್ಕೆ ನಿಮ್ಮದೊಂದು ಚಿತ್ರ ಬೇಕಿತ್ತು."

"ಕೊಡಲ್ಲ."

ಅವರು ಹೂಂ ಅಂದು ಎದ್ದವರು ಗೋಡೆಗೆ ಒರಗಿಸಿದ್ದ ಚಿತ್ರ ಕಂಡು ನಿಂತುಬಿಟ್ಟರು. ಬಹಳ ಹೊತ್ತು ನೋಡಿದರು. "ಬಯಲು ಚೆನ್ನಾಗಿ ಬಂದಿದೆ," ಅಂದರು. ಆಮೇಲೆ ಅವರ ಬಲಗೈ ತಾನಾಗಿ ಮೇಲೆದ್ದು ಕಲ್ಲಿನ ರಾಶಿಯ ಕಡೆ ಹೋಯಿತು. "ಇಲ್ಲಿ ಒಂಚೂರು—"

"ಬಾಯಲ್ಲಿ ಹೇಳಿ," ಅಂದಳು ಅವಳು.

ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಒಂದು ವಾಕ್ಯಕ್ಕೆ ತಡಕಾಡುವುದನ್ನು ಅವಳು ಒಂದಿಷ್ಟೂ ನೆರವಾಗದೆ ನೋಡಿದಳು.

"ನೆರಳು... ಕಲ್ಲಿನ ಸಂದಿಗಳ ನೆರಳು ಎಲ್ಲ ಕಡೆ ಒಂದೇ ಕಪ್ಪು ಇದೆ. ಮುಂದಿನ ಕಲ್ಲಿನ ನೆರಳಿಗೆ ಸ್ವಲ್ಪ ಕೆಂಪು ಸೇರಿದ್ರೆ... ಹಿಂದಿನದು ತಣ್ಣಗೆ ಹಿಂದೆ ಹೋಗುತ್ತೆ. ಅಂದ್ರೆ, ಹೋಗಬಹುದು."

"ಆಯ್ತು."

"ಆವತ್ತಿಂದು ತಪ್ಪಾಯ್ತು," ಅಂದರು ಅವರು, ಚಿತ್ರವನ್ನೇ ನೋಡುತ್ತ.

"ತಪ್ಪೇ," ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಅದು ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ.

ಅವರು ಚಪ್ಪಲಿ ಮೆಟ್ಟಿ ಹೋದ ಮೇಲೆ ಅವಳು ತಟ್ಟೆಗೆ ಕಪ್ಪು ಹಾಕಿ, ಬೈದುಕೊಳ್ಳುತ್ತಲೇ, ಅದಕ್ಕೆ ಒಂದು ತೊಟ್ಟು ಕೆಂಪು ಕಲೆಸಿದಳು.