ಬಾವಿ ತೋಡಿದವರು

ಸಿದ್ಧಕಟ್ಟೆಯ ಆ ಗದ್ದೆ ರುಕ್ಮಯ್ಯ ಹೆಗ್ಡೆಯವರದು. ಬೇಸಗೆಯಿಡೀ ಅಲ್ಲಿ ಬಾವಿ ತೋಡಿದ್ದು ಮಾತ್ರ ಗೇಣಿಯ ಒಕ್ಕಲು ಹುಕ್ರಪ್ಪ ಮತ್ತು ಅವನ ಹೆಂಡತಿ. ಬಾವಿಗೆ ಸರಕಾರ ಕೊಡುವ ಸಹಾಯಧನ ಪಟ್ಟಾದಾರರಾದ ಹೆಗ್ಡೆಯವರ ಹೆಸರಿಗೆ ಬರುವುದಿತ್ತು.

ತನಿಖೆಗೆ ಬಂದ ಅಧಿಕಾರಿ, "ಇದನ್ನು ತೋಡಿಸಿದ್ದು ಯಾರು?" ಎಂದು ಕೇಳಿದಾಗ ಹೆಗ್ಡೆಯವರು ಪಕ್ಕದಲ್ಲಿ ನಿಂತಿದ್ದ ಹುಕ್ರಪ್ಪನ ಕಡೆ ನೋಡಿದರು.

"ನಮ್ಮ ಧನಿಗಳೇ ಸ್ವಾಮಿ, ಮತ್ತೆ ಯಾರು? ನಾನು ತೋಡಿದರೆ ಕಪ್ಪೆಗೂ ನೀರು ಸಿಕ್ಕಲಿಕ್ಕಿಲ್ಲ" ಎಂದು ಹುಕ್ರಪ್ಪ ನಕ್ಕ. ಅಧಿಕಾರಿ ರುಜು ಹಾಕಿ ಹೋದರು.

ಆಮೇಲೆ ಹುಕ್ರಪ್ಪ ಮೆಲ್ಲನೆ ಹೇಳಿದ: "ದುಡ್ಡು ನಿಮಗೇ ಇರಲಿ ಧನಿಗಳೇ. ನೀರು ಉಂಟು ಅಂತ ಗೇಣಿ ಮಾತ್ರ ಏರಿಸ್ಬೇಡಿ."

ಏರಿಸಬೇಕೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದ ಹೆಗ್ಡೆಯವರು, "ಇಲ್ಲ ಮಾರಾಯ" ಎಂದರು.

"ದೊಡ್ಡ ಉಪಕಾರ ಆಯ್ತು" ಎಂದು ಹುಕ್ರಪ್ಪ ಕೈ ಮುಗಿದ. ಗುಳ್ಳೆ ಎದ್ದ ಆ ಕೈಗಳು ಕೆಳಗಿಳಿಯುವ ತನಕ ಹೆಗ್ಡೆಯವರು ತಲೆ ಎತ್ತಲಿಲ್ಲ.