ಹಾಡು ಮುಗಿಯೋತನಕ

"ಇನ್ನೊಂದೀಟು ಎಡಕ್ಕ ಎತ್ರಿ, ತಲಿ ವಾಲಾಕತ್ತೈತಿ," ಎನ್ನುತ್ತ ಕರಿಬಸಯ್ಯ ಸ್ವಾಮಿಗಳು ಸಿದ್ದರಾಮೇಶನ ದೇಹವನ್ನು ಕುರ್ಚಿಗೆ ಬಿಗಿಯುತ್ತಿದ್ದರು. ಈ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತೇ ಊರಿಗೆ ಮುಖ ತೋರಿಸಬೇಕು, ಕೂತೇ ಮಣ್ಣಿಗೆ ಹೋಗಬೇಕು.

ಕೂರಿಸಲು ಜಾಗವೇ ಇರಲಿಲ್ಲ. ಮಕ್ತಲ್‌ನ ಆ ಪುಟ್ಟ ಮನೆಯ ಪಡಸಾಲೆ ತುಂಬ ಅವನು ಸ್ಟೇಜುಗಳಿಗೆ ಕಟ್ಟುತ್ತಿದ್ದ ಲೈಟುಗಳು, ವೈರಿನ ಸುರುಳಿಗಳು. ಅದಕ್ಕೇ ಕುರ್ಚಿಯನ್ನು ಅಂಗಳದಲ್ಲಿ ಹಾಕಿದ್ದರು. ಬಾಗಿಲಿಗೆ ಅಡ್ಡವಾಗಿದ್ದ, ಎತ್ತಲಾಗದ ಎರಡು ಲೈಟುಗಳನ್ನೂ ಹೊರಗೆ ಎಳೆದು ತಂದರು.

"ಇವನ್ನ ಎಲ್ಲಿ ಇಡೋಣು, ತಾಯಿ?" ಎಂದರು ಸ್ವಾಮಿಗಳು.

"ಕುರ್ಚಿ ಎರಡೂ ಕಡಿ ನಿಲ್ಲಸ್ರಿ," ಎಂದಳು ಹೆಂಡತಿ ಅಮರಮ್ಮ. "ಹೂವಿನ ಸರ ಕಟ್ಟಾಕ ಆಗ್ತಾವ."

ಅವು ಬ್ಲೈಂಡರುಗಳು. ಸ್ಟೇಜಿನ ಮೇಲಿಂದ ಜನರ ಕಡೆಗೇ ಮುಖ ಮಾಡಿ ಉರಿದು ಕಣ್ಣು ಕುಕ್ಕುವ ದೊಡ್ಡ ಲೈಟುಗಳು. ಅವಕ್ಕೆ ಚೆಂಡುಹೂವಿನ ಸರ ಸುತ್ತಿದರು. ನಡುವೆ ಸಿದ್ದರಾಮೇಶ ಹಣೆತುಂಬ ವಿಭೂತಿ ಹೊತ್ತು ಕೂತ. ಬದುಕಿದ್ದಷ್ಟು ದಿನ ಕತ್ತಲಲ್ಲಿ ನಿಂತು ಬೇರೆಯವರನ್ನು ಬೆಳಗಿದವನು ಇವತ್ತು ಸ್ಟೇಜಿನ ಮೇಲೆ ಕೂತ ಹಾಗಿತ್ತು.

ಜನ ಬಂದರು, ಬಂದವರು ಮೊದಲು ಜೇಬಿಗೆ ಕೈಹಾಕಿದರು. ಕೈಮುಗಿಯುವುದಕ್ಕೂ ಮುಂಚೆ ಫೋನು. ಒಬ್ಬ ಹೆಣದ ಪಕ್ಕ ಬಗ್ಗಿ ತನ್ನ ಮುಖವನ್ನೂ ಸೇರಿಸಿ ತೆಗೆದುಕೊಂಡ. ಇನ್ನೊಬ್ಬನಂತೂ ಅಳುತ್ತ ಕೂತಿದ್ದ ಅಮರಮ್ಮನ ಭುಜ ತಟ್ಟಿ, "ಅಮ್ಮಾ, ಜರ ಇಟು ಚೂಡಂಡಿ," ಎಂದು ತೆಲುಗಿನಲ್ಲಿ ತನ್ನ ಕಡೆ ತಿರುಗಲು ಹೇಳಿದ. ಅವಳು ತಿರುಗಿಯೂ ಬಿಟ್ಟಳು! ಆಮೇಲೆ ತನ್ನ ಮೇಲೆ ತನಗೇ ಮೈ ಉರಿಯಿತು.

*

ಅದು ತೆಲಂಗಾಣ ರಾಜ್ಯವಾದ ಮರುವರ್ಷದ ಜೂನ್. ಗದ್ವಾಲದ ಮೈದಾನದಲ್ಲಿ ರಾಜ್ಯೋತ್ಸವಕ್ಕೆ ಉದಯಕುಮಾರನ ರಾಕ್ ಬ್ಯಾಂಡು. ಮಕ್ತಲ್‌ನ ಹುಡುಗನೇ, ಹೈದರಾಬಾದಿನಲ್ಲಿ ಹೆಸರು ಮಾಡಿದ್ದ. ಲೈಟು ಸಿದ್ದರಾಮೇಶನದು.

"ಈ ಸಲ ನೀ ಬರಬೇಕು ಅಮರಾ," ಎಂದಿದ್ದ. "ಸ್ಟೇಜಿನ ಹಿಂದ ನಾರಾಯಣಪೇಟಿ ನೇಕಾರರ ಕಡಿಂದ ತಂದ ಬಿಳಿ ಬಟ್ಟಿ ಕಟ್ಟೀನಿ. ಕಡೀ ಹಾಡಿನ್ಯಾಗ ಎಲ್ಲಾ ಕತ್ತಲ ಮಾಡಿ, ಅದರ ಅಂಚಿಂದ ಮೆಲ್ಲಕ ಕೆಂಪು ಏರಸ್ತೀನಿ. ನಿನ್ನ ಮದುವಿ ಸೀರಿ ಕೆಂಪು."

ಅವಳು ಅದೇ ಸೀರೆ ಉಟ್ಟು ಹೋದಳು. ಕಡೆಯ ಹಾಡು ಶುರುವಾಯಿತು, ಮೈದಾನ ಕತ್ತಲಾಯಿತು. ಅಷ್ಟೇ, ಎದುರಿಗೆ ನೂರಾರು ಕೈ ಎದ್ದವು, ಪ್ರತಿ ಕೈಯಲ್ಲೊಂದು ಫೋನು. ಮುಂದಿನವನು ಗೆಳೆಯನ ಹೆಗಲೇರಿ ಕುಣಿದ. ಅವಳು ತುದಿಗಾಲಲ್ಲಿ ನಿಂತಳು, ಆ ಕಡೆ ಈ ಕಡೆ ವಾಲಿದಳು, "ಸರೀರಪ್ಪಾ" ಎಂದು ಕೂಗಿದಳು. ಪಕ್ಕದವನು ದೊಡ್ಡ ಮನಸ್ಸು ಮಾಡಿ ತನ್ನ ಫೋನು ತೋರಿಸಿದ. "ಇದ್ರಾಗ ನೋಡ್ರಿ ಅಕ್ಕಾ, ಚಲೋ ಕಾಣ್ತೈತಿ." ಅವಳ ಮದುವೆ ಸೀರೆಯ ಕೆಂಪು ಅಂಗೈಯಗಲ ಇತ್ತು.

ವಾಪಸ್ ಬರುವಾಗ ಟೆಂಪೋದಲ್ಲಿ ಸಿದ್ದರಾಮೇಶ ಕೇಳಿದ, "ಕಂಡ್ತೇನು?"

"ಇಲ್ರೀ. ಬರೇ ಕೈ ಕಂಡ್ವು."

ಅವನು ಮುಂದಿನ ಶೋ ಹೊತ್ತಿಗೆ ಈ ಬ್ಲೈಂಡರುಗಳನ್ನು ತಂದಿದ್ದ. ಫೋನುಗಳು ಮೇಲೆದ್ದರೆ ಸಾಕು, ಎರಡನ್ನೂ ಒಟ್ಟಿಗೆ ಉರಿಸುತ್ತಿದ್ದ. ಫೋನಿನಲ್ಲಿ ಬೆಳ್ಳಗಿನ ಬೆಳಕು ಬಿಟ್ಟರೆ ಏನೂ ಬೀಳುತ್ತಿರಲಿಲ್ಲ. ಜನ ಬೈದು, ಕಣ್ಣು ಮುಚ್ಚಿಕೊಂಡು ಕೈ ಇಳಿಸುತ್ತಿದ್ದರು. ಆಗ ಅವನು ಬ್ಲೈಂಡರ್ ಆರಿಸಿ ಕೆಂಪು ಏರಿಸುತ್ತಿದ್ದ.

ಉದಯಕುಮಾರ ಮನೆಗೇ ಬಂದು ಜಗಳ ತೆಗೆದ. "ಅಣ್ಣಾ, ಜನ ಫೋನಿನ್ಯಾಗ ಹಿಡದ್ರೇನೇ ನಮಗ ಹೆಸರು. ನೀವು ಅವರ ಕಣ್ಣು ಕುಕ್ಕಿದ್ರ ಹ್ಯಾಂಗ?"

"ಹಾಡು ಮುಗಿಯೋತನಕ ಕೈ ಕೆಳಗಿರ್ಲಿ ಅಂತೀನಪ್ಪಾ. ಮುಗದ ಮ್ಯಾಲ ಏನರ ಮಾಡ್ಕೊಳ್ಳಿ."

ಆಮೇಲೆ ಉದಯಕುಮಾರ ಅವನನ್ನು ಕರೆಯಲಿಲ್ಲ. ಸಿದ್ದರಾಮೇಶ ಮದುವೆ ಮಂಟಪಗಳಿಗೆ ಬಣ್ಣಬಣ್ಣದ ಲೈಟಿನ ಸರ ಕಟ್ಟುತ್ತ, ಗೊಣಗುತ್ತ ಉಳಿದ. ನಿನ್ನೆ ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದವನು ಏಳಲಿಲ್ಲ.

*

ಅದೇ ಉದಯಕುಮಾರ ಈಗ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಹೂವು ಹಾಕುವ ಮೊದಲೇ ಫೋನನ್ನು ಎದುರಿಗೆ ಹಿಡಿದು ಲೈವ್ ಶುರು ಮಾಡಿದ. "ಮನ ಲೈಟಿಂಗ್ ಅನ್ನ ಇಕ ಲೇಡು..." ಅಣ್ಣ ಇನ್ನಿಲ್ಲ ಎಂದು ಫೋನಿಗೆ ಹೇಳುತ್ತಿದ್ದ. ಅವನನ್ನು ನೋಡಿದ್ದೇ ತಡ, ಊರ ಹುಡುಗರೆಲ್ಲ ನುಗ್ಗಿದರು. ಅಂಗಳದಲ್ಲಿ ಮತ್ತೆ ಬರೀ ಕೈ.

ಅಷ್ಟರಲ್ಲಿ ಸಿದ್ದರಾಮೇಶನ ಅಕ್ಕ ವೀರಬಸಮ್ಮ ಮಲ್ದಕಲ್‌ನಿಂದ ಬಂದಳು. ಬಾಗಿದ ಬೆನ್ನಿನ ಮುದುಕಿ. ಜನರ ಬೆನ್ನಿಗೆ ಹಣೆ ಹಚ್ಚಿ, "ಎಲ್ಲದಾನವ್ವಾ ನನ ತಮ್ಮ? ದಾರಿ ಬಿಡ್ರೋ," ಎಂದು ಗೋಗರೆದಳು. ಯಾರೂ ಕದಲಲಿಲ್ಲ. ಕೊನೆಗೊಬ್ಬ ಪುಣ್ಯಾತ್ಮ ಫೋನನ್ನು ಅವಳ ಮುಖದ ಮುಂದೆ ಹಿಡಿದ.

"ಇದ್ರಾಗ ನೋಡು ಆಯೀ, ಚಲೋ ಕಾಣ್ತೈತಿ."

ಮುದುಕಿ ಆ ಗಾಜನ್ನೇ ಸವರಿ ಅತ್ತಳು.

ಅಮರಮ್ಮನ ಅಳು ಅಲ್ಲಿಗೆ ನಿಂತಿತು. ಸಾವಿನ ಮನೆಯಲ್ಲಿ ಇಷ್ಟು ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಜನರನ್ನು ಮೊಣಕೈಯಿಂದ ನೂಕಿಕೊಂಡು ಹೋಗಿ ವೀರಬಸಮ್ಮನ ಕೈಹಿಡಿದು ಎಳೆತಂದು, ಜನರ ಕಡೆ ಮುಖ ಮಾಡಿದ್ದ ಬ್ಲೈಂಡರುಗಳ ಹಿಂದೆ ಕುರ್ಚಿಯ ಪಕ್ಕ ಕೂರಿಸಿದಳು. ವೈರುಗಳನ್ನು ಹೊಸ್ತಿಲ ಬಳಿಯ ಸ್ವಿಚ್ ಬೋರ್ಡಿಗೆ ಸಿಕ್ಕಿಸಿ ಗುಂಡಿ ಒತ್ತಿದಳು.

ಅಂಗಳ ಬೆಳ್ಳಗಾಯಿತು. "ಅಯ್ಯಯ್ಯೋ, ಬಂದ್ ಮಾಡ್ರೀ!" ಎಂದು ಕೂಗೆದ್ದಿತು. ಲೈವಿನಲ್ಲಿದ್ದ ಉದಯಕುಮಾರ ಕನ್ನಡಕದ ಮೇಲೇ ಅಂಗೈ ಇಟ್ಟುಕೊಂಡ. ಫೋನುಗಳು ಒಂದೊಂದಾಗಿ ಕೆಳಗಿಳಿದವು.

ಲೈಟುಗಳ ಹಿಂದಿನ ನೆರಳಿನಲ್ಲಿ ವೀರಬಸಮ್ಮ ತಮ್ಮನ ಗಲ್ಲ ಹಿಡಿದು ಕಣ್ತುಂಬ ನೋಡಿದಳು. ಅಮರಮ್ಮ ಅವನ ಹಣೆಯಲ್ಲಿ ಅಳಿಸಿಹೋಗಿದ್ದ ವಿಭೂತಿಯನ್ನು ಮತ್ತೆ ಹಚ್ಚಿದಳು, ಅವಸರವಿಲ್ಲದೆ, ಮೂರು ಬೆರಳಿನಿಂದ.

ಕರಿಬಸಯ್ಯನವರು ಕಣ್ಣಿಗೆ ಶಲ್ಯ ಅಡ್ಡ ಹಿಡಿದು ಕೇಳಿದರು, "ಸಾಕೇನು ತಾಯಿ, ಆರಸ್ಲೇನು?"

"ತಡೀರಿ ಸ್ವಾಮೇರ. ಇನ್ನೂ ಹಾಡು ಮುಗಿದಿಲ್ಲ."

ಲೈಟಿನ ಕಾವಿಗೆ ಚೆಂಡುಹೂವಿನ ಸರ ಬಾಡತೊಡಗಿತ್ತು. ಎದುರಿಗೆ ಅಷ್ಟೂ ಜನ ಕೈ ಕೆಳಗಿಟ್ಟು ತಲೆ ತಗ್ಗಿಸಿ ನಿಂತಿದ್ದರು, ಸಾವಿನ ಮನೆಗೆ ಬಂದವರ ಹಾಗೆ.