ಡೆಲ್ಫಿಯಾ ಬಿಚ್ಚಿಟ್ಟ ಏಪ್ರನ್

ನಮ್ಮ ಕಣಿವೆಯಲ್ಲಿ ಕಲ್ಲಿದ್ದಲ ಗಣಿ ಮುಚ್ಚಿತು, ಶಾಲೆ ಮುಚ್ಚಿತು, ಕೊನೆಗೆ ಉಳಿದದ್ದು ಚರ್ಚಿನ ನೆಲಮಾಳಿಗೆಯ ಅಡುಗೆಮನೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐದು ಗಂಟೆ, ಹಸಿದು ಬಂದವರಿಗೆ ಡೆಲ್ಫಿಯಾ ಕಾಳಿನ ಸಾರು ಬೇಯಿಸಿ ಬಡಿಸುತ್ತಿದ್ದಳು. ನಾನು, ನೋವಾ, ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಹನ್ನೊಂದು ವರ್ಷ ಹೀಗೇ ಕಳೆಯಿತು. ಬಡಿಸುವವರು ಆ ಪಾತ್ರೆಯಿಂದ ಒಂದು ಚಮಚವನ್ನೂ ಉಣ್ಣಬಾರದು ಎನ್ನುವುದು ನಮ್ಮ ಅಜ್ಜಿಯರ ಕಾಲದ ಕಟ್ಟುಪಾಡು.

ಡೆಲ್ಫಿಯಾಳ ಮನೆಯ ಒಲೆ ಉರಿಯುತ್ತಿದ್ದದ್ದು ಸರ್ಕಾರದ ಆಹಾರದ ಕಾರ್ಡಿನಿಂದ. ಈ ವರ್ಷ ಕಾನೂನು ಬದಲಾಯಿತು. ಅರವತ್ತು ದಾಟಿದವರೂ ತಿಂಗಳಿಗೆ ಎಂಬತ್ತು ಗಂಟೆ ದುಡಿಯಬೇಕು, ಇಲ್ಲವೇ ಸಂಬಳವಿಲ್ಲದ ಸೇವೆಯನ್ನಾದರೂ ಬರೆದು ತೋರಿಸಬೇಕು. ಅರವತ್ತೈದಾದವರಿಗೆ ವಿನಾಯಿತಿ. ನನಗೆ ಅರವತ್ತೇಳು, ಬಚಾವಾದೆ. ಅವಳಿಗೆ ಅರವತ್ತೊಂದು.

ಅವಳ ಕಾರ್ಡಿನ ಅರ್ಜಿ ತುಂಬಿದ್ದು ನಾನೇ, ಅವಳ ಅಡುಗೆಮನೆಯ ಮೇಜಿನ ಮೇಲೆ.

"ಸಂಬಳ ಇಲ್ದೆ ಎಲ್ಲಾದ್ರೂ ಸೇವೆ ಮಾಡ್ತೀಯಾ ಅಂತ ಕೇಳಿದಾರೆ. ಚರ್ಚಿನ ಅಡುಗೆ ಬರೀಲಾ?"

"ಥೂ, ನಾಚಿಕೆ ಆಗಲ್ವೇನೇ ನೋವಾ? ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು. ನೀನು ಸರ್ಕಾರದ ಕಿವಿಗೇ ಊದ್ತೀಯಲ್ಲ!"

ನಾನೂ ಅದೇ ಪಾಠ ಕೇಳಿ ಬೆಳೆದವಳು. ಸೊನ್ನೆ ಬರೆದೆ. ಈಗ ನೆನೆದರೆ ಆ ಕೈಯನ್ನೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ.

ಮೂರು ತಿಂಗಳಿಗೆ ಕಾರ್ಡು ನಿಂತಿತು. ಅವಳು ಬಾಯಿ ಬಿಡಲಿಲ್ಲ. ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬರತೊಡಗಿದಾಗ ನನಗೇ ತಿಳಿಯಿತು. ಒಂದು ದಿನ ಜೋಳದ ಬ್ರೆಡ್ಡಿನ ತಟ್ಟೆ ಎತ್ತುವಾಗ ಮೇಜು ಹಿಡಿದು ನಿಂತುಬಿಟ್ಟಳು.

"ಬೆಳಿಗ್ಗೆ ಏನು ತಿಂದೆ?"

"ಕಾಫಿ."

"ನಿನ್ನೆ ರಾತ್ರಿ?"

"ನೀನೇನು ಪೊಲೀಸಾ?"

ನನಗೆ ಸಿಟ್ಟು ನೆತ್ತಿಗೇರಿತು. "ಊರಿಗೆಲ್ಲ ಬಡಿಸ್ತೀಯ, ನೀನು ಹಸಿದು ಸಾಯ್ತೀಯ. ದೇವರು ಕೇಳಿದ್ನೇನೇ ಇದನ್ನ? ಪಾಸ್ಟರ್ ಹತ್ರ ಸಹಿ ಹಾಕಿಸ್ತೀನಿ. ವಾರಕ್ಕೆ ಇಪ್ಪತ್ತು ಗಂಟೆ, ಲೆಕ್ಕ ಸರಿಯಾಗೇ ಇದೆ."

ಅವಳು ಬೇಡ ಅನ್ನಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. ಡೆಲ್ಫಿಯಾ ಜಗಳವಾಡದೆ ಸೋತದ್ದನ್ನು ನಾನು ಕಂಡೇ ಇರಲಿಲ್ಲ.

ಪಾಸ್ಟರ್ ಎನೋಸ್ ಪತ್ರ ಬರೆದುಕೊಟ್ಟರು. ಕಾರ್ಡಿನ ಕಚೇರಿಯ ಹುಡುಗಿ ಫೋನಿನಲ್ಲಿ ಹೇಳಿದಳು: "ಹಳೇದು ಲೆಕ್ಕಕ್ಕಿಲ್ಲ ಅಮ್ಮ. ಇವತ್ತಿಂದ ಮೂವತ್ತು ದಿನದಲ್ಲಿ ಎಂಬತ್ತು ಗಂಟೆ ತೋರಿಸ್ಲಿ, ಆಮೇಲೆ ನೋಡೋಣ."

ಇನ್ನೊಂದು ತಿಂಗಳು. ನಾನು ಮನೆಯಿಂದ ಡಬ್ಬಿಯಲ್ಲಿ ಊಟ ಒಯ್ದೆ. ಅವಳು ಬಾಗಿಲ ಸಂದಿಯಿಂದಲೇ, "ನಿನ್ನದೇ ನಿನಗೆ ಸಾಲಲ್ಲ, ತಗೊಂಡು ಹೋಗು" ಎಂದಳು. ಅದು ಸುಳ್ಳಾಗಿರಲಿಲ್ಲ.

ಸೋಮವಾರ ಅವಳು ಅಡುಗೆಮನೆಯ ಹಿಂಬಾಗಿಲಿನಿಂದ ಬರಲಿಲ್ಲ. ಸೌಟು ನನ್ನ ಕೈಗೆ ಬಂತು. ತಲೆ ಎತ್ತಿದರೆ, ಮುಂಬಾಗಿಲಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಳೆ. ಮೈಮೇಲೆ ಭಾನುವಾರದ ಕೋಟು. ಮಡಚಿದ ಏಪ್ರನ್ನನ್ನು ಮೇಜಿನ ಮೇಲಿಟ್ಟಳು.

"ಡೆಲ್ಫಿಯಾ, ಗಂಟೆ ತುಂಬಬೇಕಲ್ಲೇ! ಬಡಿಸದಿದ್ರೆ ಕಾರ್ಡು ಬರಲ್ಲ."

"ಉಂಡೋಳು ಬಡಿಸ್ಬಾರ್ದು ಕಣೇ. ನನಗಿವತ್ತು ಉಣ್ಬೇಕು."

ಗಟ್ಟಿ ಕಾಳು ಬರುವಂತೆ ತಳದಿಂದ ಕಲಕಿ ಅವಳ ತಟ್ಟೆಗೆ ಒಂದು ಸೌಟು ಹಾಕಿದೆ, ಇನ್ನೊಂದನ್ನು ಎತ್ತಿದೆ. ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ಒಂದು ಸಾಕು ನೋವಾ. ಹಿಂದೆ ಜನ ಇದಾರೆ."